ಇಂಜಿನ್ ಕವರ್‌ಗೆ ಕ್ರೋಮ್ ಬೇಡ ಕಣ್ರೋ

ಹಳೇ ಗಾಡಿ ಸರಣಿ, ಭಾಗ 3. ಉದ್ದ ಇದೆ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಕಾಫಿ ಕುಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡೋ ಟೈಮಲ್ಲಿ ನಮ್ಮ ಹುಡುಗರು ಕೇಳೋದು ಒಂದೇ: "ಮಗಾ, ಇಂಜಿನ್ ಕವರ್‌ಗೆ ಕ್ರೋಮ್ ಹಾಕಿಸ್ಲಾ?" ಬೇಡ. ಸಕಲೇಶಪುರದಲ್ಲಂತೂ ಬೇಡವೇ ಬೇಡ. ಆಲೂರು ಕಡೆಯವರು ನಮ್ಮಲ್ಲಿ ಮಳೆ ಕಮ್ಮಿ ಅಂತ ಧೈರ್ಯ ಮಾಡಬಹುದು, ಆದ್ರೂ ದುಡ್ಡು ದಂಡ.

ಆರ್‌ಎಕ್ಸ್ 100 ಆಗಲಿ, ಯೆಜ್ಡಿ ಆಗಲಿ, ಸೈಲೆನ್ಸರ್ ಉಕ್ಕು, ಇಂಜಿನ್ ಕವರ್ ಎರಕದ ಅಲ್ಯೂಮಿನಿಯಂ. ಉಕ್ಕಿಗೆ ಕ್ರೋಮ್ ಚೆನ್ನಾಗಿ ಹಿಡಿಯುತ್ತೆ. ಅಲ್ಯೂಮಿನಿಯಂಗೆ ಗಾಳಿ ತಾಗಿದ ತಕ್ಷಣ ಮೇಲೊಂದು ತೆಳು ಆಕ್ಸೈಡ್ ಪದರ ಕೂರುತ್ತೆ, ಅದರ ಮೇಲೆ ಬೇರೆ ಲೋಹ ಸರಿಯಾಗಿ ಅಂಟಲ್ಲ. ಅದಕ್ಕೇ ಮೊದಲು ಸತುವಿನ ದ್ರಾವಣ, ಆಮೇಲೆ ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಇಷ್ಟೆಲ್ಲ ಆಗಿ ಮೇಲೆ ಹೊಳೆಯೋ ಆ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್ ಕೂಡ ಇರಲ್ಲ. ಎಸ್ಟೇಟ್ ರಸ್ತೇಲಿ ಒಂದು ಜಲ್ಲಿಕಲ್ಲು ಹಾರಿ ಬಡೀತು ಅನ್ಕೊಳ್ಳಿ. ಆ ಗಾಯದಲ್ಲಿ ನೀರು ಇಳಿಯುತ್ತೆ, ಬೇರೆ ಬೇರೆ ಲೋಹ ಒದ್ದೆಯಲ್ಲಿ ಸೇರಿ ಬ್ಯಾಟರಿ ಥರ ಕೆಲಸ ಶುರು ಮಾಡುತ್ತೆ, ಅಲ್ಯೂಮಿನಿಯಂ ಒಳಗೊಳಗೇ ತಿಂದು ಹೋಗಿ ಮೇಲೆ ಗುಳ್ಳೆ ಎದ್ದು ಕ್ರೋಮ್ ಸಿಪ್ಪೆ ಥರ ಸುಲಿಯುತ್ತೆ. ಮಳೆಗಾಲದಲ್ಲಿ ಬೀರು ಒಳಗಿನ ಬೆಲ್ಟೇ ಬೂಷ್ಟು ಹಿಡಿಯೋ ಊರು ನಮ್ದು!

ಯಾರೂ ಮಾತಾಡದ ಇನ್ನೊಂದು ವಿಷ್ಯ: ಹಳೇ ಪದ್ಧತಿಯ ಕ್ರೋಮ್ ತೊಟ್ಟಿಯಲ್ಲಿರೋದು ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರೋ ವಸ್ತು. ಗಾಡಿ ಹೊಳೆಯೋದು ನಮ್ಮದು, ಆ ಹಬೆ ಕುಡಿಯೋನು ಇನ್ಯಾರೋ.

ಆನೋಡೈಸಿಂಗ್ ಒಳ್ಳೇದೇ. ಅದು ಮೇಲಿಂದ ಬಳಿಯೋ ಬಣ್ಣ ಅಲ್ಲ, ಅದೇ ಆಕ್ಸೈಡ್ ಪದರವನ್ನ ಕರೆಂಟ್ ಕೊಟ್ಟು ದಪ್ಪ ಮಾಡೋದು, ಹಾಗಾಗಿ ಸುಲಿಯೋ ಭಯ ಇಲ್ಲ. ಆದ್ರೆ ಎರಕದ ಕವರ್‌ನಲ್ಲಿ ಸಿಲಿಕಾನ್ ಜಾಸ್ತಿ, ಬೂದಿ ಬಣ್ಣಕ್ಕೆ ತಿರುಗಿ ಕಲೆ ಕಲೆ ಆಗುತ್ತೆ. ಲೇತಲ್ಲಿ ಮಾಡಿಸಿದ ಫುಟ್‌ರೆಸ್ಟ್ ಥರದ್ದಕ್ಕೆ ಮಾಡಿಸಿ. ಪೌಡರ್ ಕೋಟಿಂಗ್ ಹಬ್‌ಗೆ, ಕೈ ಹೋಗದ ಜಾಗಕ್ಕೆ ಸರಿ. 180-200 ಡಿಗ್ರಿಯಲ್ಲಿ ಬೇಯಿಸಿರ್ತಾರೆ, ಗಟ್ಟಿ ಇರುತ್ತೆ, ಕನ್ನಡಿ ಹೊಳಪು ಮಾತ್ರ ಬರಲ್ಲ.

ಕವರ್‌ಗೆ ನನ್ನ ವೋಟು ಬರೀ ಬಫಿಂಗ್‌ಗೆ. ಮೇಲೆ ಲ್ಯಾಕರ್ ಕೂಡ ಬೇಡ, ಹಳದಿಯಾಗಿ ತೇಪೆ ತೇಪೆ ಏಳುತ್ತೆ. 1996ರ ತನಕ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಿಂದ ಬಂದ ಗಾಡಿಗಳನ್ನ ನೋಡಿ: ಸೈಲೆನ್ಸರ್‌ಗೆ ಕ್ರೋಮ್, ಇಂಜಿನ್ ಕವರ್‌ಗೆ ಪಾಲಿಶ್. ಅಷ್ಟು ದೂರ ಯಾಕೆ, ಹೂಮಳೆ ಕೈಕೊಟ್ಟಾಗ ತೋಟದಲ್ಲಿ ಹಾಕೋ ಅಲ್ಯೂಮಿನಿಯಂ ಸ್ಪ್ರಿಂಕ್ಲರ್ ಪೈಪ್ ನೋಡಿ. ಬಣ್ಣ ಇಲ್ಲ, ಲೇಪ ಇಲ್ಲ, ವರ್ಷಗಟ್ಟಲೆ ಮಳೇಲಿ ಬಿದ್ದಿರುತ್ತೆ. ಮಂಕಾಗುತ್ತೆ ಅಷ್ಟೇ.

ಮಂಕಾಗುತ್ತಲ್ಲ, ಅದೇ ತಾನೆ ಪ್ರಾಬ್ಲಮ್ಮು ಅಂತೀರಾ? ಹೌದು, ಬಫ್ ಮಾಡಿಸಿದ ಕವರ್ ಒಂದೇ ಮಳೆಗಾಲಕ್ಕೆ ಮಂಕಾಗುತ್ತೆ. ಆದ್ರೆ ಅದನ್ನ ಮನೆ ಜಗಲೀಲಿ ಕೂತು ನೀವೇ ಉಜ್ಜಿ ವಾಪಸ್ ತರಬಹುದು. ಸುಲಿದ ಕ್ರೋಮ್‌ಗೆ ಮನೇಲಿ ಮದ್ದಿಲ್ಲ, ಪೂರ್ತಿ ತೆಗೆಸಿ ಮತ್ತೆ ಮೊದಲಿಂದ. ನಾನು ಬಾಳಿಕೆ ಅಳೆಯೋದು ಇಲ್ಲೇ. ಬಿಕಾಂನವರಿಗೆ ಸವಕಳಿ ಲೆಕ್ಕ ಹೇಳಿಕೊಡಬೇಕಾ? ಸುಮ್ನೆ ಉದಾಹರಣೆಗೆ, ಕ್ರೋಮ್‌ಗೆ 4000 ಕೊಟ್ಟು ಎರಡು ಮಳೆಗಾಲ ಬಂತು ಅಂದ್ರೆ ವರ್ಷಕ್ಕೆ 2000, ಸ್ಕ್ರ್ಯಾಪ್ ವ್ಯಾಲ್ಯೂ ಸೊನ್ನೆ. ಬಫಿಂಗ್‌ಗೆ 800, ವರ್ಷಕ್ಕೆ 200ರ ಪಾಲಿಶ್ ಅಂದ್ರೆ ಎರಡು ವರ್ಷಕ್ಕೆ ಒಟ್ಟು 1200, ಕವರ್ ಹಾಗೇ ಇರುತ್ತೆ. ನಿಮಗೆ ಹೇಳಿರೋ ರೇಟ್ ಹಾಕಿ ನೀವೇ ನೋಡ್ಕೊಳ್ಳಿ.

ಬಫಿಂಗ್‌ಗೆ ಕೊಡೋವಾಗ ಕವರ್ ಮೇಲಿನ ಉಬ್ಬಕ್ಷರದ ಮೇಲೆ ಚಕ್ರ ಒತ್ತಬೇಡಿ ಅಂತ ಮೊದಲೇ ಹೇಳಿ, ಸವೆದ ಹೆಸರು ವಾಪಸ್ ಬರಲ್ಲ. ಮೇ ಕೊನೇಲಿ ಒಂದು ಸಲ ಕಾರಿಗೆ ಹಚ್ಚೋ ವ್ಯಾಕ್ಸ್ ಹಚ್ಚಿ. ವಾಷಿಂಗ್ ಸೋಡಾ ಹಾಕಿ ತೊಳೀಬೇಡಿ, ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿ ಕಪ್ಪು ಮಾಡಿದ್ರೆ ಅಮ್ಮ ಬೈತಾರಲ್ಲ, ಅದೇ ಕಥೆ. ಆಮೇಲೆ ಹೇಗೂ ಆಯುಧಪೂಜೆಗೆ ಎಲ್ಲರೂ ಗಾಡಿ ತೊಳೀತೀವಿ. ಅವತ್ತು ಕುಂಕುಮ ಇಡೋಕೆ ಮುಂಚೆ ಮೆಟಲ್ ಪಾಲಿಶ್, ಹಳೇ ಬನಿಯನ್ ಬಟ್ಟೆ, ಅರ್ಧ ಗಂಟೆ.

ಭಾಗ 4 ಸೈಲೆನ್ಸರ್ ತುಕ್ಕಿನ ಬಗ್ಗೆ. ಅಲ್ಲಿ ಮಾತ್ರ ನಾನು ಕ್ರೋಮ್ ಪಾರ್ಟಿ.