ಹದ್ದು ನೋಡೋದು ತಟ್ಟೆಯನ್ನಲ್ಲ, ತಿಪ್ಪೆಯನ್ನ

1/6
ಏರೋ ಇಂಡಿಯಾ ಬಂತು ಅಂದ್ರೆ ನಮ್ಮ ಫೀಡ್‌ನಲ್ಲಿ ಎರಡೇ ವಿಷಯ. ಒಂದು, ಸೂರ್ಯಕಿರಣ್ ತಂಡದ ವಿಡಿಯೊ. ಇನ್ನೊಂದು, ಮಾಂಸ ಬ್ಯಾನ್ ಜಗಳ. 2023ರಲ್ಲಿ ಯಲಹಂಕ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಮಾಂಸ ಮಾರಬಾರದು ಅಂತ ಬಿಬಿಎಂಪಿ ಆದೇಶ ಹೊರಡಿಸ್ತು. 2025ರಲ್ಲಿ ಅದು 13 ಕಿಲೋಮೀಟರ್ ಆಯ್ತು. ಜನವರಿ 23ರಿಂದ ಫೆಬ್ರವರಿ 17ರವರೆಗೆ ಅಂಗಡಿನೂ ಬಂದ್, ನಾನ್‌ವೆಜ್ ಹೋಟೆಲೂ ಬಂದ್.

ಕಾಮೆಂಟ್‌ಗಳಲ್ಲಿ ಅರ್ಧ ಜನ ‘ಇದು ತಿನ್ನೋರ ಮೇಲಿನ ದ್ವೇಷ’ ಅಂದ್ರು. ಇನ್ನರ್ಧ ಜನ ‘ನಾಲ್ಕು ವಾರ ತಿನ್ನದಿದ್ರೆ ಸಾಯ್ತೀರಾ’ ಅಂದ್ರು. ಇಬ್ಬರೂ ತಟ್ಟೆ ನೋಡ್ತಿದ್ದಾರೆ. ಹದ್ದು ನೋಡೋದು ತಿಪ್ಪೆಯನ್ನ. ಪೂರ್ತಿ ಓದಿ, ಆಮೇಲೆ ಬೈಯಿರಿ.

2/6
ಮೊದಲಿಗೆ ‘ಒಂದು ಹಕ್ಕಿ ಅಷ್ಟು ದೊಡ್ಡ ವಿಮಾನಕ್ಕೆ ಏನು ಮಾಡುತ್ತೆ’ ಅಂತ ನಗೋರಿಗೆ.

2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್ ಕೆಟ್ಟವು. ವಿಮಾನ ಹಡ್ಸನ್ ನದಿ ಮೇಲೆ ಇಳೀತು. 155 ಜನ ಬದುಕಿದ್ದು ಪೈಲಟ್‌ಗಳ ಜಾಣ್ಮೆಯಿಂದ. 2022ರ ಜೂನ್‌ನಲ್ಲಿ ಪಾಟ್ನಾದಿಂದ ಮೇಲೇರಿದ ವಿಮಾನದ ಎಡ ಎಂಜಿನ್‌ಗೆ ಹಕ್ಕಿ ಬಡಿದು ಬೆಂಕಿ ಹತ್ತಿಕೊಳ್ತು. ಪೈಲಟ್ ಅದನ್ನ ತಿರುಗಿಸಿ ಸುರಕ್ಷಿತವಾಗಿ ಇಳಿಸಿದ್ರು. 2024ರ ಡಿಸೆಂಬರ್ 29ರಂದು ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ 181 ಜನರಲ್ಲಿ 179 ಜನ ಸತ್ತರು. ರನ್‌ವೇ ಕೊನೆಯ ಕಾಂಕ್ರೀಟ್ ದಿಬ್ಬಕ್ಕೆ ವಿಮಾನ ಗುದ್ದಿದ್ದು ನಿಜ. ಆದರೆ ಅದರ ಎರಡೂ ಎಂಜಿನ್‌ಗಳಲ್ಲಿ ಕಾಡುಬಾತಿನ ಗರಿ, ರಕ್ತ ಸಿಕ್ಕಿತ್ತು.

ವೇಗ ಎರಡು ಪಟ್ಟಾದ್ರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಇನ್ನು ತೇಜಸ್, ಸೂರ್ಯಕಿರಣ್ ತಂಡದ ಹಾಕ್, ಇವಕ್ಕೆ ಇರೋದೇ ಒಂದು ಎಂಜಿನ್. ಹಾಗಾಗಿ ವಾಯುಪಡೆಯವರ ಭಯ ನಾಟಕ ಅಲ್ಲ.

3/6
ಹಾಗಾದ್ರೆ ಬ್ಯಾನ್ ಸರಿ ತಾನೇ? ನಿಲ್ಲಿ.

ಹಡ್ಸನ್‌ನ ಹೆಬ್ಬಾತು, ಮುವಾನ್‌ನ ಬಾತು ವಲಸೆ ಹಕ್ಕಿಗಳು. ಅವು ಯಾರೂ ಕರೆದು ಬಂದವಲ್ಲ. ನಮ್ಮೂರಿನ ಹದ್ದಿನ ಕಥೆ ಬೇರೆ. ಅದಕ್ಕೆ ದಿನಾ ಎಲೆ ಹಾಕಿ ಬಡಿಸ್ತಿರೋರು ನಾವೇ. ಖಾಲಿ ಸೈಟು, ರಾಜಕಾಲುವೆ, ಫ್ಲೈಓವರ್ ಕೆಳಗೆ, ಕೆರೆ ದಂಡೆ, ಎಲ್ಲೆಲ್ಲೂ ಕಸ.

ಕಾನೂನು ಹೊಸದೇನಲ್ಲ. 1937ರ ವಿಮಾನ ನಿಯಮಗಳ 91ನೇ ನಿಯಮ ನೋಡಿ. ವಿಮಾನ ನಿಲ್ದಾಣದ ಸುತ್ತ 10 ಕಿಲೋಮೀಟರ್ ಒಳಗೆ ಹಕ್ಕಿ, ಪ್ರಾಣಿಗಳನ್ನ ಸೆಳೆಯೋ ಹಾಗೆ ಪ್ರಾಣಿ ಕಡಿಯೋದು, ಚರ್ಮ ಸುಲಿಯೋದು, ಕಸ ಸುರಿಯೋದು ನಿಷಿದ್ಧ. ಬೇಯಿಸಿದ ಬಿರಿಯಾನಿ ತಿನ್ನಬಾರದು ಅಂತ ಅದರಲ್ಲಿಲ್ಲ. ಏರೋ ಇಂಡಿಯಾ ಇದ್ದಾಗ ಮಾತ್ರ ಅಂತಾನೂ ಇಲ್ಲ. ಅದು ವರ್ಷಪೂರ್ತಿ ಇರೋ ನಿಯಮ.

ಲೆಕ್ಕ ಹಾಕಿ. ಏರೋ ಇಂಡಿಯಾ ಎರಡು ವರ್ಷಕ್ಕೊಮ್ಮೆ. ಎರಡು ವರ್ಷ ಅಂದ್ರೆ 730 ದಿನ. 2025ರ ಆದೇಶ ಇದ್ದದ್ದು 26 ದಿನ. ಉಳಿದ 704 ದಿನ? ಯಲಹಂಕದಲ್ಲಿ ತರಬೇತಿ ವಿಮಾನ ಹಾರಲ್ವಾ? ದೇವನಹಳ್ಳಿಯಲ್ಲಿ ದಿನಾ ನೂರಾರು ವಿಮಾನ ಇಳಿದು ಏರಲ್ವಾ? ನಿಮ್ಮಪ್ಪ ಅಮ್ಮ ಕೂತಿರೋ ವಿಮಾನದ ಮುಂದೆ ಹದ್ದು ಬಂದ್ರೆ ಪರವಾಗಿಲ್ವಾ?

4/6
ಈಗ ಬಿಕಾಂ ಹುಡುಗರ ಪ್ರಶ್ನೆ: ಈ ಖರ್ಚು ಯಾರ ಲೆಡ್ಜರ್‌ಗೆ ಬೀಳುತ್ತೆ?

ಕೋಳಿ ಅಂಗಡಿ 26 ದಿನ ಮುಚ್ಚಿದ್ರೆ ಆದಾಯ ಸೊನ್ನೆ. ಬಾಡಿಗೆ ನಿಲ್ಲಲ್ಲ, ಸಾಲದ ಕಂತು ನಿಲ್ಲಲ್ಲ, ಫ್ರಿಡ್ಜ್ ಕರೆಂಟ್ ಬಿಲ್ ನಿಲ್ಲಲ್ಲ. ಫಿಕ್ಸೆಡ್ ಕಾಸ್ಟ್ ಅಂತ ಓದ್ತೀವಲ್ಲ, ಅದೇ ಇದು. ದಿನಗೂಲಿಗೆ ಕೆಲಸ ಮಾಡೋ ಹುಡುಗನಿಗೆ ಕೂಲಿ ಇಲ್ಲ. ಇನ್ನೊಂದು ಕಡೆ ರಾತ್ರಿ ಹೊತ್ತು ಗಾಡಿ ತಂದು ಖಾಲಿ ಸೈಟಿಗೆ ಕಸ ಸುರಿದು ಹೋಗೋನ ಖರ್ಚು? ಸೊನ್ನೆ. ತಪ್ಪು ಒಬ್ಬನದು, ನಷ್ಟ ಇನ್ನೊಬ್ಬನದು. ಅಂಗಡಿಗೆ ಶಟರ್ ಇದೆ, ಎಳೆಸಬಹುದು. ತಿಪ್ಪೆಗೆ ಶಟರ್ ಇಲ್ಲ, ಅದಕ್ಕೇ ಯಾರೂ ಮುಟ್ಟಲ್ಲ.

ದೊಡ್ಡ ಮಟ್ಟದಲ್ಲೂ ಇದೇ ಬುದ್ಧಿ. ಯಲಹಂಕದ ಆಚೆಗಿನ ಮಾವಳ್ಳಿಪುರಕ್ಕೆ ಈ ಊರು ವರ್ಷಗಟ್ಟಲೆ ತನ್ನ ಕಸ ಸುರೀತು. 2012ರಲ್ಲಿ ಅದು ನಿಂತಿದ್ದು ಹಳ್ಳಿ ಜನ ರಸ್ತೆಗಿಳಿದ ಮೇಲೆ.

5/6
‘ಪೈಲಟ್ ಜೀವಕ್ಕಿಂತ ವ್ಯಾಪಾರ ದೊಡ್ಡದಾ?’ ಅಂತ ಕೇಳ್ತೀರಿ. ಖಂಡಿತ ಅಲ್ಲ. ಅದಕ್ಕೇ 26 ದಿನ ಸಾಲದು ಅಂತಿರೋದು. ಪ್ರದರ್ಶನದ ಹೊತ್ತಿಗೆ ಅಂಗಡಿ ಮುಚ್ಚಲೇಬೇಕು ಅಂದ್ರೆ ಪರಿಹಾರ ಕೊಟ್ಟು ಮುಚ್ಚಿಸಿ. ದೇಶದ ಕೆಲಸಕ್ಕೆ ದೇಶವೇ ದುಡ್ಡು ಕೊಡಲಿ, ಒಬ್ಬ ಅಂಗಡಿಯವನಲ್ಲ.

‘ಹದ್ದುಗಳನ್ನ ಹೊಡೆದು ಹಾಕಿ’ ಅನ್ನೋರಿಗೆ: 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ದಡ್ಡತನವೂ ಹೌದು. ಊಟ ಅಲ್ಲೇ ಬಿದ್ದಿದ್ರೆ ಸತ್ತ ಹದ್ದಿನ ಜಾಗಕ್ಕೆ ಇನ್ನೊಂದು ಬರುತ್ತೆ.

‘ಏರ್‌ಪೋರ್ಟಿನವರು ನೋಡ್ಕೊಳ್ಳಲಿ’ ಅನ್ನೋರಿಗೆ: ನೋಡ್ಕೊಳ್ತಾರೆ. ಹುಲ್ಲಿನ ಎತ್ತರ ಕಾಯ್ತಾರೆ, ನೀರು ನಿಲ್ಲದ ಹಾಗೆ ಮಾಡ್ತಾರೆ, ಪಟಾಕಿ ಹೊಡೆದು ಹಕ್ಕಿ ಓಡಿಸ್ತಾರೆ. ಆದರೆ ಅದೆಲ್ಲ ಕಾಂಪೌಂಡ್ ಒಳಗೆ. ಹದ್ದಿಗೆ ಕಾಂಪೌಂಡ್ ಅಂದ್ರೇನು ಅಂತಾನೇ ಗೊತ್ತಿಲ್ಲ. ಗೋಡೆಯ ಆಚೆಗಿನ 10 ಕಿಲೋಮೀಟರ್ ನಮ್ಮದು.

6/6
ಬಿಬಿಎಂಪಿ ಹೋಯ್ತು, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಬೋರ್ಡ್ ಬದಲಾದ್ರೆ ಸಾಲದು. ಮಾಂಸದಂಗಡಿಯ ತ್ಯಾಜ್ಯವನ್ನ ಮುಚ್ಚಿದ ಗಾಡಿಯಲ್ಲಿ ದಿನಾ ಒಯ್ಯಬೇಕು. ಕಸ ಸುರಿಯೋನಿಗೆ ದಂಡ ಬೀಳಬೇಕು. ಅವನು ಅಪಾರ್ಟ್‌ಮೆಂಟಿನವನಾಗಲಿ, ಕಲ್ಯಾಣ ಮಂಟಪದವನಾಗಲಿ, ವೆಜ್ ಆಗಲಿ, ನಾನ್‌ವೆಜ್ ಆಗಲಿ.

ನಾವೇನು ಮಾಡೋದು? ಪಾರ್ಸೆಲ್ ಊಟ ಮಿಕ್ಕಿದ್ರೆ ಕವರ್ ಗಂಟು ಕಟ್ಟಿ ರಸ್ತೆ ತಿರುವಿಗೆ ಎಸೆಯೋದು ಇವತ್ತೇ ನಿಲ್ಲಿಸಿ. ಹಸಿ ಕಸ ಬೇರೆ ಇಟ್ಟು ಗಾಡಿಗೇ ಕೊಡಿ. ನಿಮ್ಮ ಪಿಜಿ ಓನರ್ ಕೊಡಲ್ಲ ಅಂದ್ರೆ ನಾಲ್ಕು ಜನ ಸೇರಿ ಕೇಳಿ. ಕಾಲೇಜು ದಾರಿಯಲ್ಲಿರೋ ತಿಪ್ಪೆಯ ಫೋಟೊ ತೆಗೆದು ಪಾಲಿಕೆಗೆ ದೂರು ಕೊಡಿ, ದೂರಿನ ನಂಬರ್ ಕೆಳಗೆ ಕಾಮೆಂಟ್ ಮಾಡಿ. ಹತ್ತು ನಂಬರ್ ಸೇರಿದ್ರೆ ಒಟ್ಟಿಗೆ ಹೋಗಿ ಏನಾಯ್ತು ಅಂತ ಕೇಳೋಣ. ಯಾರ್ಯಾರು ಬರ್ತೀರಿ?

#ಏರೋಇಂಡಿಯಾ #ಯಲಹಂಕ #704ದಿನ #ಕಸದಲೆಕ್ಕ