ಬಿಸಿಲಿಗೆ ಬಾಡಿಗೆ ಉಂಟು, ಕೂಲಿಗೆ ಏನುಂಟು?

ನಾಗಲಮಡಿಕೆ ಹೋಬಳಿಯ ಕೂಲಿಕಾರ ಬಂಧುಗಳೇ, ಅಕ್ಕತಂಗಿಯರೇ,

ಪಾವಗಡದ ಸೋಲಾರ್ ಪಾರ್ಕನ್ನು ಇನ್ನೂ ಸಾವಿರಾರು ಎಕರೆಗೆ ಹಿಗ್ಗಿಸುವ ಮಾತು ಎದ್ದಿದೆ. ಮೊದಲ ಸಲ ಸುಮ್ಮನಿದ್ದೆವು. ಏನಾಯಿತು? ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು: ಐದೂರಿನ ಸುಮಾರು 13,000 ಎಕರೆ ಬೇಲಿಯೊಳಗೆ ಹೋಯಿತು. 2018ರ ಮಾರ್ಚ್ 1ರಂದು ‘ಶಕ್ತಿಸ್ಥಳ’ ಎಂಬ ಹೆಸರಿನಲ್ಲಿ ಪಾರ್ಕಿನ ಉದ್ಘಾಟನೆಯಾಯಿತು. ಈಗ 2,050 ಮೆಗಾವಾಟ್. ಜಮೀನುಳ್ಳವರಿಗೆ ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿ ಇಲ್ಲದ ನಮಗೆ? ಸೊನ್ನೆ.

ಕಡಲೆಕಾಯಿ ಕಳೆ ತೆಗೆಯುವ, ಗಿಡ ಕೀಳುವ, ಕಾಯಿ ಬಿಡಿಸುವ ಕೂಲಿ ಹೋಯಿತು. ಕುರಿ ಮೇಯುತ್ತಿದ್ದ ಬೀಳು ಹೋಯಿತು. ಸಿಕ್ಕಿದ್ದು ಸೋಲಾರ್ ಪ್ಲೇಟು ತೊಳೆಯುವುದು, ಅದರಡಿಯ ಹುಲ್ಲು ಕೊಯ್ಯುವುದು, ಗೇಟು ಕಾಯುವುದು. ಅದೂ ಕಂಟ್ರಾಕ್ಟರ್ ಕರೆದ ದಿನ ಮಾತ್ರ. ಫ್ಲೋರೈಡ್ ನೀರು ಕುಡಿದು ಹಲ್ಲು ಕೆಟ್ಟವರ ತಾಲ್ಲೂಕಿನಲ್ಲಿ ಪ್ಲೇಟಿಗೆ ಸ್ನಾನ!

ಹಾಗೆಂದು ನಾವು ಕಲ್ಲಿದ್ದಲಿನ ಕಡೆಯವರಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದ ಬಾಯ್ಲರಿಗೆ ಸಿಂಗರೇಣಿ ಗಣಿಗಳಿಂದ ರೈಲು ಬರಬೇಕು. ಅದೇ ಜಿಲ್ಲೆಯ ಯರಮರಸಿನಲ್ಲಿ ತಲಾ 800 ಮೆಗಾವಾಟಿನ ಎರಡು ಸೂಪರ್‌ಕ್ರಿಟಿಕಲ್ ಘಟಕ ಕಟ್ಟಿದ್ದಾರೆ. ಆವಿಯ ಒತ್ತಡ, ಶಾಖ ಏರಿಸಿ ಕಲ್ಲಿದ್ದಲು ಉಳಿಸುವ ವಿದ್ಯೆ ಅದು. ಉಳಿಸಲಿ, ಸಂತೋಷ. ಆದರೂ ಹೊಗೆ ಹೋಗಿಲ್ಲ, ಬೂದಿ ಹೋಗಿಲ್ಲ. ಬಿಸಿಲೇ ಒಳ್ಳೆಯದು, ಒಪ್ಪಿದೆವು.

ಆದರೆ ಕೇಳಿ. ಕಲ್ಲಿದ್ದಲಿಗೆ ರಾಯಧನ ಕಟ್ಟಬೇಕು. ಅದರ ಮೇಲೆ, 2015ರ ಗಣಿ ಕಾನೂನು ತಿದ್ದುಪಡಿಯ ಪ್ರಕಾರ, ಗಣಿಯಿಂದ ಬಾಧಿತರಾದ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಹೋಗಬೇಕು. ಕೊಳಕು ಕರೆಂಟಿಗೆ ಇರುವ ಈ ಮರ್ಯಾದೆ ಶುದ್ಧ ಕರೆಂಟಿಗೆ ಏಕಿಲ್ಲ? ಗಣಿ ಪಕ್ಕದ ಕೂಲಿಯವನು ಬಾಧಿತ, ಪ್ಲೇಟಿನ ಪಕ್ಕದ ಕೂಲಿಯವಳು ಯಾರು?

‘ಬರದ ನೆಲ, ಅಲ್ಲಿ ಏನು ಬೆಳೀತಿತ್ತು?’ ಅನ್ನುವ ಬುದ್ಧಿವಂತರಿದ್ದಾರೆ. ಹೌದು ಸ್ವಾಮಿ, ನಾವು ತಲೆತಲಾಂತರದಿಂದ ಗಾಳಿ ಕುಡಿದೇ ಬದುಕಿದ್ದು! ಇನ್ನು ನಮ್ಮ ರೈತ ಮುಖಂಡರು. ಸಭೆ ಸೇರಿದರೆ ‘ಬಾಡಿಗೆ ಏರಿಸಿ’ ಅನ್ನುವ ಒಂದೇ ಹಾಡು. ನಿನ್ನೆವರೆಗೆ ನಮ್ಮ ಕೈಯಲ್ಲಿ ಕಳೆ ತೆಗೆಸಿದವರು ಇವತ್ತು ತುಮಕೂರಿನಲ್ಲಿ ಮನೆ ಮಾಡಿಕೊಂಡು ‘ಊರಲ್ಲಿ ಏನೈತೆ?’ ಅಂತಾರೆ. ಊರಲ್ಲಿ ನಾವಿದ್ದೀವಣ್ಣ, ಮರೆತುಬಿಟ್ರಾ?

ನಾವು ಕೇಳುವುದು ಇಷ್ಟೇ: ಬಿಸಿಲಿನ ಕರೆಂಟಿನ ಹಣದಲ್ಲಿ ಪಹಣಿ ಇಲ್ಲದ ಕೂಲಿಕಾರರಿಗೂ ಪಾಲು ಬೇಕು. ಎಷ್ಟು ಪಾಲು, ಯಾವ ಲೆಕ್ಕ ಅನ್ನುವುದನ್ನು ಆಮೇಲೆ ಕೂತು ಮಾತಾಡೋಣ. ಪಾಲು ಉಂಟೆಂದು ಮೊದಲು ಸರ್ಕಾರ ಒಪ್ಪಲಿ, ಹೊಸ ಗುತ್ತಿಗೆ ಪತ್ರಕ್ಕೆ ಸಹಿ ಬೀಳುವ ಮುಂಚೆಯೇ.

ಬರುವ ಸೋಮವಾರ ಬೆಳಿಗ್ಗೆ 10 ಗಂಟೆಗೆ ಪಾವಗಡ ತಾಲ್ಲೂಕು ಕಚೇರಿ ಮುಂದೆ ಸೇರೋಣ. ಜಾಬ್ ಕಾರ್ಡ್ ತನ್ನಿ. ಪಹಣಿ ಇದ್ದವರು ಬಂದರೆ ಬೇಡ ಅನ್ನುವುದಿಲ್ಲ, ಹಿಂದಿನ ಸಾಲಿನಲ್ಲಿ ನಿಲ್ಲಲಿ.