ರಿಪೇರಿ ಮುಗಿಯುವುದು ಯಾವಾಗ?

"ಗಾಡಿ ರಿಪೇರಿ ಆಯಿತೇ?" ಎಂದು ಯಾರಾದರೂ ಕೇಳಿದರೆ "ಆಯ್ತು, ಓಡ್ತಾ ಇದೆ" ಎಂದುಬಿಡುತ್ತೇವೆ. ಓಡುತ್ತಿದೆ ಎಂದ ಮಾತ್ರಕ್ಕೆ ರಿಪೇರಿ ಆಯಿತು ಎಂದು ಅರ್ಥವೇ? ಪರೀಕ್ಷೆಯ ಕೊಠಡಿಯಿಂದ ಹೊರಬಂದ ಹುಡುಗ "ನಾನು ಪಾಸು" ಎಂದು ಹೇಳಿದಂತೆ ಅದು. ಫಲಿತಾಂಶ ಬರುವುದು ಆಮೇಲೆ. ಯಂತ್ರಗಳ ವಿಷಯದಲ್ಲಂತೂ ಫಲಿತಾಂಶಕ್ಕೆ ಐದು ವರ್ಷ, ಹತ್ತು ವರ್ಷ ಕಾಯಬೇಕಾಗುತ್ತದೆ. ಅಷ್ಟು ದಿನ ಕಾಯುವವರು ಯಾರು? ಕಾದರೂ ಬರೆದಿಡುವವರು ಯಾರು?

ನಾನು ಬರೆದಿಟ್ಟಿದ್ದೇನೆ. ಎಣ್ಣೆಯ ಕಲೆ ಹತ್ತಿದ ಇನ್ನೂರು ಪುಟದ ನೋಟ್‌ಬುಕ್ ಒಂದು ನನ್ನ ಮೇಜಿನ ಮೇಲಿದೆ. ಅದರ ಮೊದಲ ಪುಟದ ಅಕ್ಷರ ನನ್ನದಲ್ಲ, ನನ್ನ ಮಗಳದು. ಆಗ ಅವಳು ಎಂಟನೆಯ ತರಗತಿಯ ಪರೀಕ್ಷೆ ಮುಗಿಸಿದ್ದಳು.

ಮೊದಲು ಗಾಡಿಯ ಪರಿಚಯ. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ಎಂ.ಜಿ.ಬಿ. ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅವುಗಳ ಗೇರ್, ಕ್ಲಚ್, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ, ಎಲ್ಲವನ್ನೂ ಮನೆಯ ಷೆಡ್ಡಿನಲ್ಲೇ ಬಿಚ್ಚಿ ಜೋಡಿಸುವ ಹವ್ಯಾಸಿಗಳು ಅಲ್ಲಿ ಇಂದಿಗೂ ಇದ್ದಾರೆ. ನಮ್ಮಂಥ ಮಧ್ಯಮ ವರ್ಗದವರ ಪಾಲಿಗೆ ಬಂದ ಸ್ಪೋರ್ಟ್ಸ್ ಕಾರು ಎಂದರೆ ಯೆಜ್ಡಿ ಮೋಟಾರ್ ಸೈಕಲ್ಲು! ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯಲ್ಲಿ ಗಾಡಿ ಮಾಡುತ್ತಿತ್ತು. 1973ರ ನಂತರ ಅವುಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. ಕಿಕ್ ಹೊಡೆಯುವುದಕ್ಕೂ ಗೇರ್ ಬದಲಿಸುವುದಕ್ಕೂ ಒಂದೇ ಲಿವರ್. ಚೈನು ಕಾಣದಂತೆ ಪೂರ್ತಿ ಮುಚ್ಚಿದ ಕವಚ. ದೂರದಿಂದಲೇ ಗುರುತು ಸಿಗುವ ಸದ್ದು. ನಮ್ಮ ಮನೆಯದು 1986ರ ಗಾಡಿ.

2013ರ ಕೊನೆಗೆ ಅದರ ಚೈನು ಸಡಿಲವಾಗಿ ಕಟಕಟ ಎನ್ನತೊಡಗಿತು. ನಾನೇ ಹೊಸ ಚೈನು ತಂದು ಹಾಕಿದೆ. ಚೈನು ಸುತ್ತುವ ಎರಡು ಹಲ್ಲುಚಕ್ರಗಳನ್ನು ಮಾತ್ರ ಬದಲಿಸಲಿಲ್ಲ. "ಹಲ್ಲು ಇನ್ನೂ ಇದೆಯಲ್ಲ, ಸುಮ್ಮನೆ ಖರ್ಚು ಏಕೆ?" ಎಂಬುದು ನನ್ನ ಜಾಣತನ. ಗಾಡಿ ನಿಶ್ಶಬ್ದವಾಗಿ ಓಡಿತು. ಊರಿಗೆಲ್ಲ ಹೇಳಿಕೊಂಡು ಬಂದೆ.

2014ರ ಏಪ್ರಿಲ್‌ನಲ್ಲಿ ಮಗಳನ್ನು ಹಿಂದೆ ಕೂರಿಸಿಕೊಂಡು ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿದ್ದೆ. ಮರಳಿ ಬರುವಾಗ ಏರಿನಲ್ಲಿ ಚೈನು ತುಂಡಾಗಿ ಕವಚದೊಳಗೇ ಸುತ್ತಿಕೊಂಡಿತು. ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿಬಿಟ್ಟಿತು. ವೇಗ ಕಡಿಮೆಯಿತ್ತು, ಹಿಂದೆ ಲಾರಿ ಇರಲಿಲ್ಲ. ಇಬ್ಬರೂ ಕೆಂಪು ಧೂಳಿನಲ್ಲಿ ಕುಳಿತೆವು, ಅಷ್ಟೆ. ಆದರೆ ಇಳಿಜಾರಾಗಿದ್ದರೆ? ಲಾರಿ ಇದ್ದಿದ್ದರೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಾನು ಎರಡು ಹಲ್ಲುಚಕ್ರಗಳ ದುಡ್ಡು ಉಳಿಸಲು ಹೋಗಿ ಮಗುವಿನ ಜೀವವನ್ನೇ ಪಣಕ್ಕಿಟ್ಟಿದ್ದೆ. ಹೊಸ ಚೈನು ಬಾಳಿದ್ದು ಮೂರು ಸಾವಿರ ಕಿ.ಮೀ. ಮಾತ್ರ.

ಏಕೆ ಹೀಗಾಯಿತು? ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನವಿಟ್ಟು ಓದಬೇಕು. ಹಳೆಯ ಚೈನು "ಹಿಗ್ಗಿದೆ" ಎನ್ನುತ್ತೇವೆ. ನಿಜವಾಗಿ ಅದರ ಉಕ್ಕಿನ ಪಟ್ಟಿ ರಬ್ಬರಿನಂತೆ ಹಿಗ್ಗುವುದಿಲ್ಲ. ಪ್ರತಿ ಕೊಂಡಿಯಲ್ಲೂ ಒಂದು ಪಿನ್ನು, ಅದರ ಸುತ್ತ ಒಂದು ಬುಷ್ ಇರುತ್ತವೆ. ಇವೆರಡೂ ಉಜ್ಜಿ ಉಜ್ಜಿ ಸವೆಯುತ್ತವೆ. ಯೆಜ್ಡಿ ಚೈನಿನಲ್ಲಿ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಇಪ್ಪತ್ತು ಕೊಂಡಿ ಅಳೆದರೆ ಹೊಸದರಲ್ಲಿ 254 ಮಿ.ಮೀ. ಒಂದೊಂದು ಕೊಂಡಿಯಲ್ಲಿ ಕಾಲು ಮಿಲಿಮೀಟರ್ ಸವೆದರೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಇಪ್ಪತ್ತು ಕಾಲುಗಳು ಸೇರಿ ಐದು ಮಿ.ಮೀ. ಆಗುತ್ತದೆ. ಅಳತೆ 259 ಮುಟ್ಟಿತೆಂದರೆ ಚೈನಿನ ಆಯುಸ್ಸು ಮುಗಿಯಿತು. ಹಾಗೆ ಉದ್ದವಾದ ಚೈನು ಹಲ್ಲಿನ ಬುಡದಲ್ಲಿ ಕೂರದೆ ಮೇಲೇರುತ್ತದೆ, ಹಲ್ಲನ್ನು ಕೊಕ್ಕೆಯಂತೆ ತಿದ್ದುತ್ತದೆ. ಆ ಕೊಕ್ಕೆ ಹಲ್ಲಿನ ಮೇಲೆ ಹೊಸ ಚೈನು ಹಾಕಿದರೆ ಚಕ್ರವು ಚೈನನ್ನು ತನ್ನ ಹಳೆಯ ಚಾಳಿಗೆ ಬಲು ಬೇಗ ಎಳೆದುಕೊಳ್ಳುತ್ತದೆ. ಸಹವಾಸ ದೋಷ ಎನ್ನುವುದು ಕಬ್ಬಿಣಕ್ಕೂ ಇದೆ!

ಬೇಸಿಗೆ ರಜೆ. ತಂದೆ ಮಗಳು ಅಂಗಳದಲ್ಲಿ ಗೋಣಿಚೀಲ ಹಾಸಿ ಕುಳಿತೆವು. ಎರಡೂ ಹಲ್ಲುಚಕ್ರ, ಚೈನು, ಹಿಂದಿನ ಚಕ್ರದ ಒಳಗೆ ಜಗ್ಗಾಟ ತಡೆಯುವ ರಬ್ಬರ್ ತುಂಡುಗಳು, ಎಲ್ಲವನ್ನೂ ಹೊಸದಾಗಿ ಹಾಕಲು ನಾಲ್ಕು ದಿನ ಬೇಕಾಯಿತು. ಅನುಭವಿ ಮೆಕ್ಯಾನಿಕ್ ಆಗಿದ್ದರೆ ಅರ್ಧ ದಿನದ ಕೆಲಸ. ಕೊನೆಯ ಕೊಂಡಿಗೆ ಹಾಕುವ ಪುಟ್ಟ ಸ್ಪ್ರಿಂಗ್ ಲಾಕನ್ನು ನಾನು ಉಲ್ಟಾ ಕೂರಿಸಿದ್ದೆ. ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖ ಮಾಡಿರಬೇಕು, ಬಾಯಿ ತೆರೆದ ತುದಿ ಹಿಂದಿರಬೇಕು. ಇಲ್ಲದಿದ್ದರೆ ಏನಾದರೂ ತಗುಲಿದಾಗ ಲಾಕು ಕಳಚಿಬೀಳುತ್ತದೆ. ಪುಸ್ತಕದ ಚಿತ್ರ ನೋಡಿ ತಪ್ಪು ಹಿಡಿದವಳು ಮಗಳು. "ಅಪ್ಪಾ, ಇದನ್ನು ಬರೆದಿಡೋಣ, ಮುಂದಿನ ಸಲ ಮರೀತೀಯ" ಎಂದಳು. ನೋಟ್‌ಬುಕ್ ಹುಟ್ಟಿದ್ದು ಹೀಗೆ. ಮೊದಲ ಸಾಲು: ಮೇ 2014, ಅಳತೆ 254.

ಮುಂದಿನ ಹತ್ತು ವರ್ಷಗಳಲ್ಲಿ ಗಾಡಿ ಸುಮಾರು 30 ಸಾವಿರ ಕಿ.ಮೀ. ಓಡಿತು. ಹೆಚ್ಚಿನದೆಲ್ಲ ಮೂರು ದಿಕ್ಕಿಗೆ: ಹಂಪಿ, ಸಂಡೂರು, ಕಂಪ್ಲಿ. ಮೂರೂ ಹೊಸಪೇಟೆಗೆ ಹತ್ತಿರ, ಆದರೆ ಚೈನಿನ ಲೆಕ್ಕದಲ್ಲಿ ಮೂರೂ ಬೇರೆ ಬೇರೆ ಲೋಕ. ಹಂಪಿಯ ಬಂಡೆ ಗ್ರಾನೈಟ್. ಅದು ಪುಡಿಯಾದರೆ ಅದರಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿಗೆ 7. ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್; ಅದರ ಗಡಸುತನ ಸುಮಾರು 5.5ರಿಂದ 6.5. ಹಂಪಿಯ ಮರಳಿಗಿಂತ ಮೆತ್ತಗೆ. ಆದರೆ ಅದಿರಿನ ಧೂಳು ಹಿಟ್ಟಿನಷ್ಟು ನಯ. ಎಣ್ಣೆಯ ಜತೆ ಬೆರೆತು ಪಿನ್ನಿನ ಸಂದಿಗೆ ಇಳಿದರೆ ಅರೆಯುವ ಮುಲಾಮಿನಂತೆ ಕೆಲಸ ಮಾಡುತ್ತದೆ. ಕಂಪ್ಲಿಯದು ಬತ್ತದ ಗದ್ದೆಯ ಕೆಸರು. ಅದು ಉಜ್ಜುವುದಕ್ಕಿಂತ ಹೆಚ್ಚಾಗಿ ಎಣ್ಣೆಯನ್ನು ತೊಳೆದು ತುಕ್ಕಿಗೆ ದಾರಿ ಮಾಡಿಕೊಡುತ್ತದೆ.

ಈಗ ಫಲಿತಾಂಶ. ಗೆದ್ದದ್ದು, ಸೋತದ್ದು ಎರಡನ್ನೂ ಹೇಳುತ್ತೇನೆ.

ಗೆದ್ದದ್ದು: ಚೈನು ಮತ್ತು ಹಲ್ಲುಚಕ್ರಗಳ ಹೊಸ ಜೋಡಿ. ಹಳೆಯ ಚಕ್ರದ ಮೇಲೆ ಮೂರು ಸಾವಿರಕ್ಕೆ ಸತ್ತ ಚೈನಿನ ಜಾಗದಲ್ಲಿ, ಹೊಸ ಚಕ್ರದ ಮೇಲಿನ ಚೈನು 19 ಸಾವಿರ ಕಿ.ಮೀ. ಬಾಳಿತು. 2021ರಲ್ಲಿ ಅಳತೆ 259 ತೋರಿಸಿದ ದಿನ, ಸದ್ದು ಬರುವುದಕ್ಕೆ ಕಾಯದೆ, ಮೂರನ್ನೂ ಒಟ್ಟಿಗೆ ಬದಲಿಸಿದೆವು.

ಸೋತದ್ದು ಒಂದು: ಚೈನಿನ ಕವಚಕ್ಕೂ ಎಂಜಿನ್ನಿಗೂ ನಡುವೆ ರಬ್ಬರ್ ಕೊಳವೆಗಳಿರುತ್ತವೆ. ನಮ್ಮವು ಹರಿದಿದ್ದವು. ಅಸಲಿ ಸಿಗದೆ ಲಾರಿ ಟ್ಯೂಬು ಕತ್ತರಿಸಿ ಸುತ್ತಿ ಕಟ್ಟಿದೆ. ಬಂದವರೆಲ್ಲ ಹೊಗಳಿದರು. ಎರಡು ವರ್ಷದ ನಂತರ ಬಿಚ್ಚಿ ನೋಡಿದರೆ ಟ್ಯೂಬು ಎಣ್ಣೆ ಕುಡಿದು ಉಬ್ಬಿ ಹಲ್ವದಂತಾಗಿತ್ತು, ಒಳಗೆಲ್ಲ ಸಂಡೂರಿನ ಕೆಂಪು ಹಿಟ್ಟು! ಎಲ್ಲ ರಬ್ಬರೂ ಒಂದೇ ಅಲ್ಲ; ಗಾಳಿ ಹಿಡಿದಿಡುವ ರಬ್ಬರು ಎಣ್ಣೆಯನ್ನು ತಡೆಯಲಾರದು. ಆ ಎರಡು ವರ್ಷ ಚೈನಿನ ಸವೆತ ಎಷ್ಟು ವೇಗವಾಗಿತ್ತು ಎನ್ನುವುದನ್ನು ನೋಟ್‌ಬುಕ್ಕಿನ ಅಂಕಿಗಳೇ ಹೇಳುತ್ತವೆ. ಅಸಲಿ ಕೊಳವೆ ಹುಡುಕಿ ಹಾಕಿದ ಮೇಲೆ ವೇಗ ತಗ್ಗಿತು.

ಸೋತದ್ದು ಎರಡು: ಚೈನು ಸದ್ದು ಮಾಡಬಾರದೆಂದು ನಾನು ಅದನ್ನು ವೀಣೆಯ ತಂತಿಯಂತೆ ಬಿಗಿದಿದ್ದೆ. ಸವಾರ ಕುಳಿತಾಗ ಹಿಂದಿನ ಚಕ್ರ ಮೇಲೆ ಕೆಳಗೆ ಆಡುತ್ತದೆ, ಆ ಆಟಕ್ಕೆ ಚೈನಿನಲ್ಲಿ ಸ್ವಲ್ಪ ಸಡಿಲ ಬೇಕೇ ಬೇಕು. 11 ಸಾವಿರ ಕಿ.ಮೀ.ಗೆ ಹಿಂದಿನ ಬೇರಿಂಗ್ ಹೋಯಿತು. ಅತಿಯಾಗಿ ಬಿಗಿದದ್ದೂ ಮುರಿಯುತ್ತದೆ. ತಂದೆ ತಾಯಿಯರು ಬೇಕಾದರೆ ಇದಕ್ಕೆ ಬೇರೆ ಅರ್ಥವನ್ನೂ ಹಚ್ಚಿಕೊಳ್ಳಬಹುದು.

ಹೀಗೆ ಹತ್ತು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ ನಮ್ಮ ಊರಿನಲ್ಲೇ ಇನ್ನೊಂದು ಚೈನು ತುಂಡಾಯಿತು. ಅದರ ಸುದ್ದಿ ದೇಶಕ್ಕೆಲ್ಲ ಹಬ್ಬಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಸುಮಾರು 105 ಟಿ.ಎಂ.ಸಿ. ಅಡಿ ಹಿಡಿಯುವ ಜಲಾಶಯ ಆಗಷ್ಟೇ ತುಂಬಿತ್ತು. ಒಂದು ಗೇಟಿನ ಮೇಲೆ ಭಾರ ಬೀಳಬಾರದೆಂದು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಕಂಪ್ಲಿ, ಗಂಗಾವತಿ ಕಡೆಯ ರೈತರು ನಾಟಿ ಮಾಡಿದ ಗದ್ದೆಯ ಬದುವಿನಲ್ಲಿ ನಿಂತು, ತಮ್ಮ ಬೆಳೆಯ ನೀರು ನದಿ ಪಾಲಾಗುವುದನ್ನು ನೋಡಿದರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಲಾಯಿತು. ಆ ಮಳೆಗಾಲದಲ್ಲೇ ಜಲಾಶಯ ಮತ್ತೆ ತುಂಬಿದಾಗ ಎಲ್ಲರೂ ನಿಟ್ಟುಸಿರು ಬಿಟ್ಟೆವು.

ಅಷ್ಟಕ್ಕೆ ರಿಪೇರಿ ಮುಗಿಯಿತೇ? ಇಲ್ಲ. 1953ರಲ್ಲಿ ನೀರು ನಿಲ್ಲಿಸಿದ ಅಣೆಕಟ್ಟು ಅದು. ಒಂದು ಸರಪಳಿ ಹೋದರೆ ಅದೇ ವಯಸ್ಸಿನ ಉಳಿದವುಗಳ ಗತಿಯೇನು? ಪರಿಶೀಲನೆ ನಡೆದು 33 ಗೇಟುಗಳನ್ನೂ ಬದಲಿಸಬೇಕೆಂಬ ತೀರ್ಮಾನವಾಯಿತು. 2025ರ ಮಳೆಗಾಲದಲ್ಲಿ ಜಲಾಶಯವನ್ನು ಪೂರ್ತಿ ತುಂಬಿಸದೆ ಸುಮಾರು 80 ಟಿ.ಎಂ.ಸಿ. ಅಡಿಗೆ ಮಿತಗೊಳಿಸಲಾಯಿತು. ಅಂದರೆ ಕಡಿದ ಒಂದು ಕೊಂಡಿಯ ಬಿಸಿ ಮರುವರ್ಷದ ಗದ್ದೆಗೂ ತಟ್ಟಿತು. ತಪ್ಪು ಯಾರದು ಎಂದು ಹೇಳುವ ಅಧಿಕಾರ ಈ ಅಂಕಣಕ್ಕಿಲ್ಲ. ಆದರೆ ಎರಡು ಚೈನುಗಳ ಪಾಠ ಒಂದೇ. ಸವೆತ ಸದ್ದು ಮಾಡುವುದಿಲ್ಲ. ಅಳೆದವರಿಗೆ ಮಾತ್ರ ಅದು ಕಾಣುತ್ತದೆ. ಮುರಿದ ಒಂದನ್ನು ಬದಲಿಸಿದಾಗ, ಅದರ ಜತೆಗೇ ವಯಸ್ಸಾದ ಉಳಿದವುಗಳನ್ನೂ ನೋಡಬೇಕು.

ಪ್ರೀತಿಯ ವಿದ್ಯಾರ್ಥಿಗಳೇ, ಇದನ್ನು ನೀವೇ ಪರೀಕ್ಷಿಸಬಹುದು. ಯೆಜ್ಡಿ ಬೇಡ, ನಿಮ್ಮ ಸೈಕಲ್ಲು ಸಾಕು. ಅದರ ಚೈನಿನ ಕೊಂಡಿಯೂ ಅರ್ಧ ಇಂಚೇ. ಅಡಿಪಟ್ಟಿಯ ಇಂಚಿನ ಬದಿಯನ್ನು ಬಿಗಿಯಾಗಿರುವ ಚೈನಿನ ಮೇಲಿಡಿ. ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹೊಂದಿಸಿ 24 ಕೊಂಡಿ ಎಣಿಸಿ. ಕೊನೆಯ ಪಿನ್ನು ಸರಿಯಾಗಿ 12 ಇಂಚಿನ ಗೆರೆಯ ಮೇಲಿದ್ದರೆ ಚೈನು ಚೆನ್ನಾಗಿದೆ. ಇಂಚಿನ ಹದಿನಾರನೇ ಒಂದು ಭಾಗ ಮುಂದಿದ್ದರೆ ಚೈನು ಬದಲಿಸುವ ಕಾಲ. ಎಂಟನೇ ಒಂದು ಭಾಗ ಮುಂದಿದ್ದರೆ ಹಲ್ಲುಚಕ್ರವೂ ಕೆಟ್ಟಿರುತ್ತದೆ. ಅಳತೆಯನ್ನು ದಿನಾಂಕ ಹಾಕಿ ಬರೆದಿಡಿ. ಒಂದು ಎಚ್ಚರಿಕೆ: ಪೆಡಲ್ ತಿರುಗುವಾಗ ಬೆರಳು ಹತ್ತಿರ ತರಬೇಡಿ. ಮೋಟಾರ್ ಸೈಕಲ್ಲಾದರೆ ಎಂಜಿನ್ ಆಫ್ ಮಾಡಿ, ದೊಡ್ಡವರು ಜತೆಗಿದ್ದಾಗ ಮಾತ್ರ.

ಪೋಷಕರಿಗೆ ಒಂದು ಮಾತು. ಮಕ್ಕಳ ಕೈಗೆ ಸ್ಪ್ಯಾನರ್ ಕೊಟ್ಟರೆ ಓದು ಹಾಳಾಗುತ್ತದೆ ಎಂಬ ಭಯ ಬೇಡ. ನನ್ನ ಮಗಳು ಎಂಜಿನಿಯರ್ ಆಗಲಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ನೋಡುತ್ತಾಳೆ. ಆದರೆ "ಸರಿಯಾಗಿದೆ" ಎಂದು ಯಾರಾದರೂ ಹೇಳಿದರೆ "ಯಾವಾಗ ಅಳೆದಿರಿ?" ಎಂದು ಕೇಳುವ ಅಭ್ಯಾಸ ಅವಳನ್ನು ಬಿಟ್ಟಿಲ್ಲ. ಆ ನಾಲ್ಕು ದಿನಗಳಲ್ಲಿ ಅವಳು ಇನ್ನೊಂದನ್ನೂ ಕಂಡಳು: ಅಪ್ಪನಿಗೂ ತಪ್ಪಾಗುತ್ತದೆ, ತಪ್ಪನ್ನು ಬಿಚ್ಚಿ ಮತ್ತೆ ಜೋಡಿಸಬಹುದು.

ಕಳೆದ ಭಾನುವಾರ ಅವಳು ಊರಿಗೆ ಬಂದಿದ್ದಳು. ಕವಚ ಬಿಚ್ಚಿ ಅಳತೆಪಟ್ಟಿ ಹಿಡಿದಳು, ನಾನು ಬರೆದುಕೊಂಡೆ: 256. ಇನ್ನೂ ಮೂರು ಮಿ.ಮೀ. ಬಾಕಿ ಇದೆ. 2014ರಲ್ಲಿ ಆರಂಭಿಸಿದ ರಿಪೇರಿ ಇನ್ನೂ ನಡೆಯುತ್ತಿದೆ.